ನಿಮಗಿದು ಗೊತ್ತೇ? ಕಿವಿಗೆ ತೊಡಿಸುವ ಕೋಣೆ

ಮೊದಲ ಸಲ ಒಳ್ಳೆಯ ಹೆಡ್‌ಫೋನ್ ಕೊಳ್ಳಲು ಹೊರಟವರು ಅಂಗಡಿಯವರನ್ನು ಕೇಳುವುದು ಒಂದೇ ಪ್ರಶ್ನೆ: ‘ಯಾವ ಕಂಪನಿದು ಚೆನ್ನಾಗಿದೆ?’ ನಿಜಕ್ಕಾದರೆ ಅಂಗಡಿಯವರೇ ನಮ್ಮನ್ನು ಕೇಳಬೇಕು: ‘ಮನೆಯಲ್ಲಿ ಎಲ್ಲಿ ಕೂತು ಕೇಳ್ತೀರಿ? ಪಕ್ಕದಲ್ಲಿ ಯಾರಿರ್ತಾರೆ? ಕನ್ನಡಕ ಹಾಕ್ತೀರಾ?’ ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿಯಿತು. ಉಳಿದರ್ಧಕ್ಕೆ ಇಲ್ಲಿದೆ ಒಂದು ಹಿಡಿ ಸಂಗತಿ.

ಅಡುಗೆಮನೆಯಿಂದ ಅಂಗಡಿಗೆ

● ಹೆಡ್‌ಫೋನ್ ಹುಟ್ಟಿದ್ದು ಹಾಡಿಗಲ್ಲ, ಪರರ ಮಾತಿಗೆ. 19ನೇ ಶತಮಾನದ ಕೊನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕರೆ ಜೋಡಿಸುತ್ತಿದ್ದವರಿಗೆ ಎರಡೂ ಕೈ ಬಿಡುವಾಗಿರಬೇಕಿತ್ತು. ಅದಕ್ಕೇ ರಿಸೀವರನ್ನು ಮೈಗೆ ಕಟ್ಟಿಕೊಳ್ಳುವ ಉಪಾಯ ಹುಡುಕಿದರು. ಅದೂ ಒಂದೇ ಕಿವಿಗೆ.

● ಮನೆಯಲ್ಲಿ ಕೂತು ಸಂಗೀತ ಕಚೇರಿ ಕೇಳುವ ಚಟ ರೇಡಿಯೊಗಿಂತ ಹಳೆಯದು. 1881ರಲ್ಲಿ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನಕ್ಕೆ ಹೋದವರು ಎರಡು ಕಿವಿಗೆ ಎರಡು ರಿಸೀವರ್ ಹಿಡಿದು ದೂರದ ಒಪೆರಾ ಕೇಳಿ ಬೆರಗಾದರು. ವೇದಿಕೆಯ ಎಡಕ್ಕೂ ಬಲಕ್ಕೂ ಬೇರೆ ಬೇರೆ ಮೈಕ್ ಇಟ್ಟಿದ್ದರಿಂದ, ಹಾಡುವವರು ಯಾವ ಕಡೆಗೆ ನಡೆದರೆಂಬುದೂ ಕಿವಿಗೆ ತಿಳಿಯುತ್ತಿತ್ತು. ಕ್ಲೆಮಾಂ ಅದೆರ್ ಮಾಡಿದ ಈ ಏರ್ಪಾಟು ಮುಂದೆ ‘ತೆಯಾತ್ರೋಫೋನ್’ ಎಂಬ ಚಂದಾ ಸೇವೆಯಾಯಿತು. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ಟ್ 1911ರಲ್ಲಿ ಇದಕ್ಕೆ ಚಂದಾ ಕಟ್ಟಿದ್ದ.

● ಕಿವಿಯೊಳಗೆ ತೂರಿಸುವ ಇಯರ್‌ಫೋನ್ ಮೊನ್ನೆಮೊನ್ನೆಯದೆಂದು ಎಣಿಸಬೇಡಿ. ಫ್ರಾನ್ಸಿನ ಎರ್ನೆಸ್ಟ್ ಮರ್ಕಾದಿಯೆ 1891ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ತೂಕ 50 ಗ್ರಾಂ ಒಳಗೆ. ಕಿವಿಗೆ ಉಜ್ಜದಂತೆ ರಬ್ಬರಿನ ಹೊದಿಕೆ ಬೇರೆ!

● ಇಂದಿನ ಹೆಡ್‌ಫೋನಿನ ಮುತ್ತಾತ ಹುಟ್ಟಿದ್ದು ಅಡುಗೆಮನೆಯಲ್ಲಿ. ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್‌ವಿನ್ 1910ರಲ್ಲಿ ತನ್ನ ಹೆಡ್‌ಫೋನನ್ನು ನೌಕಾಪಡೆಗೆ ಕಳಿಸಿದ. ಪರೀಕ್ಷಿಸಿ ನೋಡಿದ ಅಧಿಕಾರಿಗಳಿಗೆ ಮೆಚ್ಚುಗೆಯಾಗಿ ಆರ್ಡರ್ ಕೊಟ್ಟರು. ‘ಒಂದು ಸಲಕ್ಕೆ ಹತ್ತು ಮಾತ್ರ ಮಾಡಿಕೊಡಬಲ್ಲೆ’ ಎಂದು ಆತ ತಿಳಿಸಿದ. ಕಾರ್ಖಾನೆಯೆಂದರೆ ಮನೆಯ ಅಡುಗೆಕೋಣೆಯೇ ಆಗಿತ್ತಲ್ಲ!

● ಆಯಸ್ಕಾಂತ, ಅದರ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ತೆಳು ಪೊರೆ: ದೊಡ್ಡ ಸ್ಪೀಕರಿನ ಒಳಗಿರುವ ಇದೇ ಸಾಮಾನನ್ನು ಕಿವಿಯಳತೆಗೆ ಕುಗ್ಗಿಸಿದ್ದು ಜರ್ಮನಿಯ ಬೇಯರ್‌ಡೈನಾಮಿಕ್. 1937ರ ಆ ‘ಡಿಟಿ 48’ ಏಳು ದಶಕಕ್ಕೂ ಹೆಚ್ಚು ಕಾಲ ತಯಾರಿಕೆಯಲ್ಲಿತ್ತು. ಇವತ್ತು ಮಾರುಕಟ್ಟೆಯಲ್ಲಿರುವ ಬಹುಪಾಲು ಹೆಡ್‌ಫೋನ್‌ಗಳ ಹೊಟ್ಟೆಯೊಳಗೆ ಇರುವುದೂ ಇದೇ ತತ್ವ.

● ಸೋಫಾ ಬರಬೇಕಿದ್ದ ಹಣದಲ್ಲಿ ಒಂದು ಕಂಪನಿ ಬಂತು. ಮಿಲ್ವಾಕಿಯ ಜಾನ್ ಕಾಸ್, ಮದುವೆಯಲ್ಲಿ ಸೋಫಾ ಕೊಳ್ಳಲೆಂದು ಸಿಕ್ಕ ಉಡುಗೊರೆ ಹಣ ಹಾಕಿ ಆಸ್ಪತ್ರೆಯ ರೋಗಿಗಳಿಗೆ ಟಿವಿ ಬಾಡಿಗೆ ಕೊಡುವ ವ್ಯವಹಾರ ಶುರುಮಾಡಿದ. 1958ರಲ್ಲಿ ಅವನೇ ಸಂಗೀತಕ್ಕೆಂದು ಮೊದಲ ಸ್ಟೀರಿಯೊ ಹೆಡ್‌ಫೋನ್ ತಂದ. ಒಂದು ಪುಟಾಣಿ ಗ್ರಾಮಫೋನಿನ ಜೊತೆ ತೋರಿಸಲು ಮಾಡಿದ್ದು ಹೆಡ್‌ಫೋನ್. ಜನ ಗ್ರಾಮಫೋನ್ ಬಿಟ್ಟು ಹೆಡ್‌ಫೋನಿಗೇ ಮುಗಿಬಿದ್ದರು.

● 1979ರ ಸೋನಿ ವಾಕ್‌ಮನ್‌ಗೆ ಎರಡು ಹೆಡ್‌ಫೋನ್ ಜಾಕ್ ಇದ್ದವು. ಒಬ್ಬರೇ ಕೇಳುವುದು ಅಸಭ್ಯವಾದೀತೆಂಬ ಅಂಜಿಕೆ! ಕೇಳುತ್ತಲೇ ಇಬ್ಬರು ಮಾತಾಡಿಕೊಳ್ಳಲು ಒಂದು ಕಿತ್ತಳೆ ಬಣ್ಣದ ಗುಂಡಿಯೂ ಇತ್ತು. ಜೊತೆಗೆ ಬಂದ ಹೆಡ್‌ಫೋನಿನ ತೂಕ ಬರೀ 45 ಗ್ರಾಂ.

ಮೊದಲು ಮನೆ ನೋಡಿ

● ಹೆಡ್‌ಫೋನಿನಲ್ಲಿ ಮುಖ್ಯವಾಗಿ ಎರಡು ಜಾತಿ. ಬಟ್ಟಲಿನ ಬೆನ್ನು ಮುಚ್ಚಿದ್ದರೆ ಕ್ಲೋಸ್ಡ್, ಜಾಲರಿಯಂತೆ ತೆರೆದಿದ್ದರೆ ಓಪನ್. ಓಪನ್ ಕೇಳಲು ಕಿಟಕಿ ತೆಗೆದ ಕೋಣೆಯಂತೆ. ದನಿ ತಲೆಯ ಸುತ್ತ ಹರಡಿಕೊಳ್ಳುತ್ತದೆ. ಆದರೆ ಒಳಗಿನದೆಲ್ಲ ಹೊರಗೆ ಕೇಳುತ್ತದೆ, ಹೊರಗಿನದೆಲ್ಲ ಒಳಗೆ. ಕ್ಲೋಸ್ಡ್ ಬಾಗಿಲು ಹಾಕಿದ ಕೋಣೆ. ಕೊಳ್ಳುವ ಮುನ್ನ ತೀರ್ಮಾನಿಸಬೇಕಾದ್ದು ಮೊದಲು ಇದನ್ನೇ, ಬೆಲೆಯನ್ನಲ್ಲ.

● ತೆರೆದ ಬೆನ್ನಿನ ಹೆಡ್‌ಫೋನ್ ಜನರ ಕೈಗೆ ಬಂದದ್ದು 1968ರಲ್ಲಿ. ಜರ್ಮನಿಯ ಸೆನ್‌ಹೈಸರ್ ಕಂಪನಿಯ ‘ಎಚ್‌ಡಿ 414’, ಹಳದಿ ಸ್ಪಂಜಿನ ಹಗುರ ಹೆಡ್‌ಫೋನ್. ಅಲ್ಲಿಯವರೆಗೆ ಹೆಡ್‌ಫೋನ್ ಎಂದರೆ ಕಿವಿಗೆ ಬಿಗಿದ ಡಬ್ಬಿ. ಇದು ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು.

● ಓಪನ್ ಹೆಡ್‌ಫೋನಿನ ‘ದೋಷ’ ಎಷ್ಟೋ ಮನೆಗಳಲ್ಲಿ ಗುಣ. ಭಾನುವಾರ ಬೆಳಿಗ್ಗೆ ನಮ್ಮ ಹಾಲಿನಲ್ಲಿ ವಿಳಂಬಿತ್ ಖಯಾಲ್ ಕೇಳುತ್ತ ಕೂತಿರುತ್ತೇನೆ. ಸಮ್ಮಿಗೆ ಬರುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗುತ್ತದೆ. ‘ಎರಡಾಯ್ತಾ, ಮೂರಾಯ್ತಾ?’ ಎಂದು ಸ್ನಾನದಮನೆಯಿಂದ ಪ್ರಶ್ನೆ ಬರುತ್ತದೆ. ‘ಎರಡು’ ಅನ್ನುತ್ತೇನೆ. ಹಿಂದೆ ಇದ್ದ ಕ್ಲೋಸ್ಡ್ ಹೆಡ್‌ಫೋನಿನ ಕಾಲದಲ್ಲಿ ಬೇಳೆ ಎಷ್ಟು ಸಲ ತಳ ಹಿಡಿದಿತ್ತೋ, ಲೆಕ್ಕ ಇಟ್ಟಿಲ್ಲ.

● ಪಕ್ಕದಲ್ಲಿ ಮಗು ಮಲಗಿದ್ದರೆ, ಒಂದೇ ಕೋಣೆಯಲ್ಲಿ ಮತ್ತೊಬ್ಬರು ಓದುತ್ತಿದ್ದರೆ, ಬೀದಿಗೆ ತೆರೆದ ಕಿಟಕಿಯ ಕೆಳಗೆ ಬಸ್‌ ನಿಲ್ದಾಣವಿದ್ದರೆ ಓಪನ್ ನಿಮಗಲ್ಲ. ಆಗ ಕ್ಲೋಸ್ಡ್ ಒಂದೇ ದಾರಿ. ಬೇಯರ್‌ಡೈನಾಮಿಕ್ ‘ಡಿಟಿ 770 ಪ್ರೊ’, ಸೋನಿ ‘ಎಂಡಿಆರ್ 7506’, ಆಡಿಯೊ ಟೆಕ್ನಿಕಾ ‘ಎಂ50ಎಕ್ಸ್’ ಈ ಜಾತಿಯ ಹಳೆಯ ಹುಲಿಗಳು. ಮೂರೂ ಸ್ಟುಡಿಯೊ ಕೆಲಸಕ್ಕೆ ಹುಟ್ಟಿ ಮನೆಗೆ ಬಂದವು.

● ಕಿವಿಯ ಮೇಲೆ ಕೂರುವುದು ಬೇರೆ, ಕಿವಿಯ ಸುತ್ತ ಕೂರುವುದು ಬೇರೆ. ಓಲೆ ಹಾಕುವವರಿಗೆ ಈ ವ್ಯತ್ಯಾಸ ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ: ಮೇಲೆ ಕೂರುವ ಜಾತಿ ಓಲೆಯ ತಿರುಪನ್ನು ಕಿವಿಯ ಹಿಂಬದಿಗೆ ಒತ್ತಿ ಚುಚ್ಚುತ್ತದೆ. ಮನೆಯಲ್ಲಿ ಗಂಟೆಗಟ್ಟಲೆ ಕೇಳುವುದಾದರೆ ಇಡೀ ಕಿವಿ ಒಳಗೆ ಹೋಗುವಷ್ಟು ಅಗಲದ ಕುಶನ್ ಇರಲಿ.

● ಬೇಸ್ ಕದಿಯುವ ಕಳ್ಳ ಕನ್ನಡಕ. ಕಿವಿಯ ಸುತ್ತ ಕುಶನ್ ಸಂದಿಲ್ಲದೆ ಕೂತರೆ ಮಾತ್ರ ಕ್ಲೋಸ್ಡ್ ಹೆಡ್‌ಫೋನಿನಲ್ಲಿ ತಗ್ಗಿನ ಸ್ವರ ನಿಲ್ಲುತ್ತದೆ. ಕನ್ನಡಕದ ಕಡ್ಡಿ ಹಾದುಹೋಗುವ ಕಡೆ ಒಂದು ಸಣ್ಣ ಸಂದು. ಸಾಕು, ಮೃದಂಗದ ಗುಮುಕಿ ಅಲ್ಲಿಂದಲೇ ಜಾರಿಹೋಗುತ್ತದೆ. ಪರೀಕ್ಷೆ ಸುಲಭ. ಹಾಡು ನಡೆಯುತ್ತಿರುವಾಗಲೇ ಎರಡು ಬೆರಳಲ್ಲಿ ಕಡ್ಡಿಯನ್ನು ಮೆಲ್ಲಗೆ ಹೊರಕ್ಕೆ ಎಳೆಯಿರಿ. ಎಡಗೈ ಪೆಟ್ಟು ಇದ್ದಕ್ಕಿದ್ದಂತೆ ಮೈತುಂಬಿಕೊಂಡರೆ, ಆ ಹೆಡ್‌ಫೋನ್ ನಿಮ್ಮ ಕನ್ನಡಕಕ್ಕೆ ಒಗ್ಗಲಿಲ್ಲ ಎಂದರ್ಥ. ಕುಶನ್ ಮೆತ್ತಗಿದ್ದಷ್ಟೂ, ಕಡ್ಡಿ ತೆಳ್ಳಗಿದ್ದಷ್ಟೂ ಕಳವು ಕಡಿಮೆ. ಓಪನ್ ಜಾತಿಗೆ ಈ ಕಾಟ ಅಷ್ಟಿಲ್ಲ.

● ತೂಕದ ಲೆಕ್ಕ ಇಟ್ಟುಕೊಳ್ಳಿ. 1997ರಿಂದ ಮನೆಮಾತಾಗಿರುವ ಸೆನ್‌ಹೈಸರ್ ‘ಎಚ್‌ಡಿ 600’ ಸುಮಾರು 260 ಗ್ರಾಂ. ಕೆಲವು ದುಬಾರಿ ಹೆಡ್‌ಫೋನ್‌ಗಳು 600 ಗ್ರಾಂ ದಾಟುತ್ತವೆ. ಅರ್ಧ ಕೆಜಿ ಸಕ್ಕರೆ ಪೊಟ್ಟಣ ತಲೆಯ ಮೇಲಿಟ್ಟುಕೊಂಡು ಎರಡು ಗಂಟೆ ಸಂಗೀತ ಕೇಳಲು ನೀವು ಸಿದ್ಧರೇ?

● ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ರೆಗ್ಸಿನ್ ಕುಶನ್ ಒಳಗೆ ಕಿವಿ ಬೇಯುತ್ತದೆ. ಮಖಮಲ್ಲಿನಂಥ ಬಟ್ಟೆಯ ಕುಶನ್ ಗಾಳಿಯಾಡುತ್ತದೆ, ಬೆವರು ಹೀರುತ್ತದೆ. ಹೊರಗಿನ ಸದ್ದು ತುಸು ಹೆಚ್ಚು ಒಳಬರುತ್ತದೆ ಎಂಬುದಷ್ಟೇ ಬೆಲೆ.

● ಸದ್ದನ್ನು ಸದ್ದಿನಿಂದಲೇ ಅಳಿಸುವ ಯೋಚನೆಗೆ ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಅದನ್ನು ಹೆಡ್‌ಫೋನಿಗೆ ತರುವ ಬೋಸ್ ಕಂಪನಿಯ ಲೆಕ್ಕ ಶುರುವಾಗಿದ್ದು 1978ರಲ್ಲಿ, ವಿಮಾನದಲ್ಲಿ. ಜೂರಿಕ್‌ನಿಂದ ಮರಳುತ್ತಿದ್ದ ಅಮರ್ ಬೋಸ್‌ಗೆ ಎಂಜಿನ್ ಮೊರೆತದಲ್ಲಿ ಹಾಡೇ ಕೇಳಲಿಲ್ಲ. ಕೂತಲ್ಲೇ ಸಮೀಕರಣ ಬರೆಯತೊಡಗಿದರು. ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರ.

● ಹಾಗಂತ ಆ ‘ನಾಯ್ಸ್ ಕ್ಯಾನ್ಸಲಿಂಗ್’ ಮನೆಗೆ ಬೇಕೇಬೇಕೆಂದಿಲ್ಲ. ಫ್ಯಾನು, ಎಸಿ, ಎಂಜಿನ್ನಿನಂಥ ಒಂದೇ ಸಮನೆಯ ತಗ್ಗಿನ ಮೊರೆತವನ್ನು ಅದು ಚೆನ್ನಾಗಿ ಒರೆಸುತ್ತದೆ. ಮಾತು, ಕರೆಗಂಟೆ, ಕುಕ್ಕರ್ ಕೂಗು ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ದಿನಾ ಬಸ್ಸು, ರೈಲಿನಲ್ಲಿ ಕೇಳುವವರಿಗೆ ಅದು ವರ. ಮನೆಯಲ್ಲೇ ಕೂರುವವರಿಗೆ ಅದೇ ಹಣ ದನಿಯ ಮೇಲೆ ಹಾಕಿದರೆ ಲಾಭ.

● ಬ್ಲೂಟೂತ್ ಎಂಬ ಹೆಸರು 10ನೇ ಶತಮಾನದ ಡೆನ್ಮಾರ್ಕ್ ರಾಜ ಹೆರಾಲ್ಡನ ಅಡ್ಡಹೆಸರು. ಬ್ಲೂಟೂತಿನ ಹೆಡ್‌ಫೋನಿಗೆ ಬ್ಯಾಟರಿ ಬೇಕು. ವೈರಿನದಕ್ಕೆ ಬ್ಯಾಟರಿ ಇಲ್ಲ, ಹಾಗಾಗಿ ಬ್ಯಾಟರಿ ಸಾಯುವುದೂ ಇಲ್ಲ. ಕುರ್ಚಿ ಬಿಟ್ಟು ಏಳದೆ ಕೇಳುವವರು ಮೊದಲ ಜೋಡಿಯನ್ನು ವೈರಿನದೇ ಕೊಂಡರೆ, ಅದೇ ಬೆಲೆಗೆ ದನಿಯೂ ಹೆಚ್ಚು, ಆಯುಸ್ಸೂ ಹೆಚ್ಚು.

ಡಬ್ಬಿಯ ಮೇಲಿನ ಅಂಕಿ

● ‘ಓಮ್’ ಗುಣಮಟ್ಟದ ಅಂಕವಲ್ಲ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಒಂದೇ ಮಾದರಿ 32, 80, 250 ಓಮ್‌ಗಳಲ್ಲಿ ಸಿಗುತ್ತದೆ. ಫೋನಿಗೋ ಲ್ಯಾಪ್‌ಟಾಪಿಗೋ ನೇರ ಸಿಕ್ಕಿಸುವವರಿಗೆ ಕಡಿಮೆ ಓಮ್ ಸಲೀಸು. 250 ಓಮಿನದಕ್ಕೆ ಹೆಚ್ಚು ವೋಲ್ಟೇಜ್ ಬೇಕು, ಅಂದರೆ ಜೊತೆಗೊಂದು ಹೆಡ್‌ಫೋನ್ ಆಂಪ್ಲಿಫೈಯರ್. ಅಂಕಿ ದೊಡ್ಡದೆಂದು ಅದನ್ನೇ ಆರಿಸಿ ಮನೆಗೆ ಬಂದು, ‘ಇದೇನು, ಇಷ್ಟು ಮೆತ್ತಗೆ ಹಾಡುತ್ತೆ!’ ಎಂದು ಗೊಣಗುವವರು ಕಡಿಮೆಯಿಲ್ಲ.

● ಓಮ್ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಇನ್ನೊಂದು ಅಂಕಿ ಇರುತ್ತದೆ: ಸೆನ್ಸಿಟಿವಿಟಿ. ಒಂದು ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬಲ್ ಹಾಡುತ್ತದೆ ಎಂಬ ಲೆಕ್ಕ. 10 ಡೆಸಿಬಲ್ ಹೆಚ್ಚು ಬೇಕೆಂದರೆ ಹತ್ತು ಪಟ್ಟು ವಿದ್ಯುತ್ ಕೊಡಬೇಕು. ಎರಡು ಹೆಡ್‌ಫೋನ್‌ಗಳಲ್ಲಿ ಯಾವುದು ನಿಮ್ಮ ಫೋನಿಗೆ ಸುಲಭ ಎಂದು ತಿಳಿಯಲು ಎರಡೂ ಅಂಕಿಯನ್ನು ಜೋಡಿಸಿ ನೋಡಬೇಕು.

● ‘5 ಹರ್ಟ್ಸ್‌ನಿಂದ 40,000 ಹರ್ಟ್ಸ್’ ಎಂದು ಬರೆದಿದ್ದರೆ ಹಿಗ್ಗಬೇಡಿ. ಎಳೆಯ ಕಿವಿ ಕೇಳುವುದೇ 20ರಿಂದ 20,000 ಹರ್ಟ್ಸ್. ವಯಸ್ಸಾದಂತೆ ಮೇಲಿನ ತುದಿ ಇಳಿಯುತ್ತ ಬರುತ್ತದೆ. 40,000 ಹರ್ಟ್ಸ್ ಕೇಳಿ ಆನಂದಿಸಬಲ್ಲದ್ದು ನಿಮ್ಮ ಮನೆಯ ನಾಯಿ.

● 50 ಮಿಲಿಮೀಟರ್ ಡ್ರೈವರ್ (ದನಿ ಹೊರಡಿಸುವ ಒಳಗಿನ ಪುಟ್ಟ ಸ್ಪೀಕರ್) 40ಕ್ಕಿಂತ ಮೇಲು ಎಂಬುದೂ ಅಂಗಡಿ ಮಾತು. ತಪ್ಪಲೆ ದೊಡ್ಡದಾದ ಮಾತ್ರಕ್ಕೆ ಸಾರು ರುಚಿಯಾಗುವುದಿಲ್ಲ.

● ಬೆಲೆಗೂ ದನಿಯ ಸಮತೋಲಕ್ಕೂ ನಂಟಿಲ್ಲ! 2017ರಲ್ಲಿ ಸಂಶೋಧಕ ಯೆರೂನ್ ಬ್ರೇಬಾರ್ಟ್ 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಬೆಲೆಯ ಎದುರಿಗಿಟ್ಟು ನೋಡಿದರು. ದುಬಾರಿಯಾದಷ್ಟೂ ತಗ್ಗು-ಮೇಲು ಸ್ವರಗಳ ಹದ ಉತ್ತಮವಾಗುತ್ತದೆ ಎಂಬುದಕ್ಕೆ ಯಾವ ಆಧಾರವೂ ಸಿಗಲಿಲ್ಲ. ಹೆಚ್ಚಿನ ಹಣ ಹೋಗುವುದು ಕಟ್ಟು, ಸಾಮಗ್ರಿ, ಹೆಸರು, ಕೆಲವೊಮ್ಮೆ ಆರಾಮಕ್ಕೆ.

● ಹಾಗಾದರೆ ‘ಒಳ್ಳೆಯ ದನಿ’ ಎಂದರೇನು? ಅಮೆರಿಕದ ಹರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಕೇಳುಗರಿಗೆ ಯಾವ ಹೆಡ್‌ಫೋನ್ ಎಂದು ತಿಳಿಯದಂತೆ ಕೇಳಿಸಿ ಅಂಕ ಹಾಕಿಸಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿದಂತೆ ಇರುವ ದನಿಯನ್ನೇ ಬಹುಪಾಲು ಜನ ಮೆಚ್ಚಿದರು. ಒಮ್ಮತ ಒಡೆದದ್ದು ಬೇಸ್ ಎಷ್ಟಿರಬೇಕೆಂಬಲ್ಲಿ. ಕೆಲವರಿಗೆ ತುಸು ಹೆಚ್ಚು, ಕೆಲವರಿಗೆ ತುಸು ಕಡಿಮೆ. ಸಾರಿಗೆ ಉಪ್ಪು ಹಾಕುವಂತೆ.

● ನಿಮ್ಮ ಕಿವಿಯ ನಾಳವೇ ಒಂದು ಪುಟ್ಟ ಕೊಳಲು. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಆ ಕೊಳವೆ 3,000 ಹರ್ಟ್ಸ್ ಆಸುಪಾಸಿನ ದನಿಯನ್ನು ತಾನೇ ಹಿಗ್ಗಿಸುತ್ತದೆ. ಹೊರಕಿವಿಯ ಮಡಿಕೆಗಳು ಒಬ್ಬೊಬ್ಬರಿಗೆ ಒಂದೊಂದು ಬಗೆ. ಗೆಳೆಯನ ಕಿವಿಗೆ ಜೇನಾದ ಹೆಡ್‌ಫೋನ್ ನಿಮಗೆ ಕರ್ಕಶವೆನಿಸಿದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

● ಜಪಾನಿನ ಸ್ಟಾಕ್ಸ್ ಕಂಪನಿ 1960ರ ಸುಮಾರಿಗೆ ತಂದ ಎಲೆಕ್ಟ್ರೋಸ್ಟ್ಯಾಟಿಕ್ ಜಾತಿಯ ಹೆಡ್‌ಫೋನಿನಲ್ಲಿ ಆಯಸ್ಕಾಂತವೂ ಇಲ್ಲ, ಸುರುಳಿಯೂ ಇಲ್ಲ. ವಿದ್ಯುತ್ ತುಂಬಿದ ತೆಳು ಪೊರೆಯೊಂದೇ ಕಂಪಿಸುತ್ತದೆ. ಅದಕ್ಕೆ ತನ್ನದೇ ವಿಶೇಷ ಆಂಪ್ ಇಲ್ಲದೆ ಉಸಿರಿಲ್ಲ. ಕೇಳಲು ಸಿಕ್ಕರೆ ಬಿಡಬೇಡಿ, ಆದರೆ ಮೊದಲ ಜೋಡಿಗೆ ಆ ದಾರಿ ಬೇಡ.

● 2016ರ ಐಫೋನ್ 7ರಲ್ಲಿ ಹೆಡ್‌ಫೋನ್ ಜಾಕ್ ಮಾಯವಾದ ಮೇಲೆ ಬೇರೆ ಕಂಪನಿಗಳೂ ಒಂದೊಂದಾಗಿ ಅದನ್ನು ಕೈಬಿಟ್ಟವು. ಈಗ ಯುಎಸ್‌ಬಿ ತೂತಿಗೆ ಸಿಕ್ಕಿಸುವ ಹೆಬ್ಬೆರಳುದ್ದದ ಡಾಂಗಲ್ ಬೇಕು. ಅದರೊಳಗೆ ಅಂಕಿಗಳನ್ನು ದನಿಯಾಗಿಸುವ ಡ್ಯಾಕ್ ಮತ್ತು ಪುಟ್ಟ ಆಂಪ್ ಎರಡೂ ಇರುತ್ತವೆ. ಕಡಿಮೆ ಓಮಿನ ಹೆಡ್‌ಫೋನಿಗೆ ಒಳ್ಳೆಯ ಡಾಂಗಲ್ ಒಂದೇ ಸಾಕು. ದೊಡ್ಡ ಆಂಪ್ ಡಬ್ಬಿಗಳಿಗೆ ಹಣ ಸುರಿಯುವ ಮೊದಲು ಹೆಡ್‌ಫೋನಿಗೇ ಹಾಕಿ.

ಅಂಗಡಿಯಲ್ಲಿ ಕಿವಿಗೆ ಕೆಲಸ

● ಜೋರಾಗಿ ಹಾಡುವುದೇ ಚೆನ್ನಾಗಿ ಹಾಡುತ್ತಿದೆ ಎನ್ನಿಸುವುದು ಕಿವಿಯ ಹುಟ್ಟುಗುಣ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟರು: ದನಿ ಮೆತ್ತಗಾದಷ್ಟೂ ತಗ್ಗಿನ ಸ್ವರಗಳಿಗೆ ಕಿವಿ ಮಂದವಾಗುತ್ತದೆ. ಎರಡು ಹೆಡ್‌ಫೋನ್ ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ. ಇಲ್ಲದಿದ್ದರೆ ಗೆಲ್ಲುವುದು ಹೆಡ್‌ಫೋನಲ್ಲ, ವಾಲ್ಯೂಮ್.

● ಅಂಗಡಿಯವರು ಹಾಕುವ ಹಾಡು ಅವರ ಹೆಡ್‌ಫೋನಿಗೆ ಒಪ್ಪುವ ಹಾಡು. ನಿಮಗೆ ಉಸಿರುಸಿರೂ ಗೊತ್ತಿರುವ ನಾಲ್ಕು ಹಾಡು ಫೋನಿನಲ್ಲಿ ಇಟ್ಟುಕೊಂಡು ಹೋಗಿ.

● ಎಂಪಿ3 ತಂತ್ರವನ್ನು ಹದಗೊಳಿಸಿದ ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಪರೀಕ್ಷೆಗೆ ಆರಿಸಿಕೊಂಡದ್ದರಲ್ಲಿ ಒಂದು, ವಾದ್ಯವೇ ಇಲ್ಲದೆ ಗಾಯಕಿ ಸುಜಾನ್ ವೇಗಾ ಹಾಡಿದ ‘ಟಾಮ್ಸ್ ಡೈನರ್’. ನೂರು ವಾದ್ಯಗಳ ಗದ್ದಲದಲ್ಲಿ ತಪ್ಪು ಮುಚ್ಚಿಹೋಗುತ್ತದೆ. ಒಂಟಿ ಕಂಠದಲ್ಲಿ ಮುಚ್ಚಿಡಲು ಜಾಗವಿಲ್ಲ. ನಮ್ಮಲ್ಲಿ ಅಂಥ ಕಂಠಕ್ಕೆ ಬರವೇ? ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಗಂಭೀರ ದನಿ ಹಾಕಿ ನೋಡಿ. ಬೇಸ್ ಅತಿಯಾದ ಹೆಡ್‌ಫೋನಿನಲ್ಲಿ ಆ ಕಂಠ ಕಂಬಳಿ ಹೊದ್ದಂತೆ ಮಂಕಾಗುತ್ತದೆ. ಹದವಾದದ್ದರಲ್ಲಿ ದನಿಯ ತೂಕವೂ ಉಳಿಯುತ್ತದೆ, ಬೋಲಿನ ಅಕ್ಷರವೂ ಬಿಡಿಸಿ ಕೇಳುತ್ತದೆ.

● ತಂಬೂರಿಗಿಂತ ಕಟ್ಟುನಿಟ್ಟಾದ ಪರೀಕ್ಷಕರಿಲ್ಲ. ಕುದುರೆಯ ಮೇಲೆ ತಂತಿಯ ಅಡಿಗೆ ಸೇರಿಸಿದ ಒಂದೆಳೆ ನೂಲಿನಿಂದ ಜವಾರಿ ಹುಟ್ಟುತ್ತದೆ. ಒಂದು ಮೀಟಿಗೆ ಒಂದೇ ಸ್ವರವಲ್ಲ, ಅದರ ಮೇಲಿನ ಸ್ವರಗಳ ಸಾಲೇ ಒಂದೊಂದಾಗಿ ಅರಳಿ ಆರುತ್ತದೆ. ಆಲಾಪ ಶುರುವಾಗುವ ಮೊದಲಿನ ಹತ್ತು ಸೆಕೆಂಡು ಕಣ್ಣು ಮುಚ್ಚಿ ಕೇಳಿ. ಕಳಪೆ ಹೆಡ್‌ಫೋನಿನಲ್ಲಿ ಅದು ಬರೀ ‘ಗುಂಯ್’. ಒಳ್ಳೆಯದರಲ್ಲಿ ಆ ಅರಳುವಿಕೆ ಕೇಳುತ್ತದೆ, ತಂತಿ ಬಿಟ್ಟ ಬೆರಳೂ ಕಂಡಂತಾಗುತ್ತದೆ.

● ಕರಾವಳಿಯವರಿಗೆ ಇನ್ನೂ ಒಳ್ಳೆಯ ಪರೀಕ್ಷೆ ಯಕ್ಷಗಾನ. ಚೆಂಡೆಯ ಪೆಟ್ಟು ಚೂಪಾಗಿ ಬಡಿಯಬೇಕು, ಆದರೆ ಕಿವಿಗೆ ಇರಿಯಬಾರದು. ಅದರ ಬೆನ್ನಿಗೇ ಮದ್ದಲೆಯ ದುಂಡು ದನಿ ಬೇರೆಯಾಗಿ ನಿಲ್ಲಬೇಕು. ಎರಡರ ನಡುವೆಯೂ ಭಾಗವತರ ಸಾಹಿತ್ಯ ಮುಳುಗಬಾರದು. ಐದು ನಿಮಿಷದಲ್ಲಿ ಹುಬ್ಬು ಗಂಟಿಕ್ಕಿದರೆ ಆ ಹೆಡ್‌ಫೋನಿನ ಟ್ರೆಬಲ್ ನಿಮಗೆ ಹೆಚ್ಚಾಯಿತು.

● ಹಳೆಯ ಕನ್ನಡ ಚಿತ್ರಗೀತೆ ಹಾಕಿದಾಗ ದನಿಯೆಲ್ಲ ತಲೆಯ ನಟ್ಟನಡುವೆ ಗುಡ್ಡೆಯಾಗಿ ಕೂತರೆ ಹೆಡ್‌ಫೋನನ್ನು ಬೈಯಬೇಡಿ. 1960ರ ದಶಕದ ಹಾಡುಗಳು ಬಹುತೇಕ ಮಾನೊ. ಎರಡೂ ಕಿವಿಗೆ ಒಂದೇ ದನಿ.

● ಸ್ಟೀರಿಯೊ ಹಾಡೂ ಹೆಡ್‌ಫೋನಿನಲ್ಲಿ ತಲೆಯೊಳಗೇ ಕೂರಲು ಕಾರಣವಿದೆ. ಎಡ ಸ್ಪೀಕರಿನ ದನಿ ಬಲಗಿವಿಗೂ ಕೊಂಚ ತಡವಾಗಿ, ಮೆತ್ತಗಾಗಿ ತಲುಪುತ್ತದೆ. ಹೆಡ್‌ಫೋನಿನಲ್ಲಿ ಆ ಸೋರಿಕೆ ಇಲ್ಲ. ಬೇಕೆಂದೇ ಆ ಸೋರಿಕೆಯನ್ನು ಬೆರೆಸುವ ಉಪಾಯವನ್ನು ಬೆಂಜಮಿನ್ ಬಾವರ್ 1961ರಲ್ಲಿ ಪ್ರಕಟಿಸಿದ. ಇಂದಿನ ಕೆಲವು ಆಂಪ್‌ಗಳಲ್ಲಿ ‘ಕ್ರಾಸ್‌ಫೀಡ್’ ಎಂಬ ಗುಂಡಿ ಇರುವುದು ಅದಕ್ಕೇ.

● 1933ರ ಷಿಕಾಗೊ ವಿಶ್ವ ಪ್ರದರ್ಶನದಲ್ಲಿ ಬೆಲ್ ಪ್ರಯೋಗಾಲಯದವರು ಕಿವಿಯ ಜಾಗದಲ್ಲಿ ಮೈಕ್ ಇಟ್ಟ ಗೊಂಬೆಯೊಂದನ್ನು ಗಾಜಿನ ಕೋಣೆಯಲ್ಲಿ ಕೂರಿಸಿದ್ದರು. ಹೆಸರು ಆಸ್ಕರ್. ಹೊರಗೆ ಹೆಡ್‌ಫೋನ್ ಹಿಡಿದವರಿಗೆ ಗೊಂಬೆಯ ಸುತ್ತ ನಡೆದ ಸದ್ದು ತಮ್ಮ ಸುತ್ತಲೇ ನಡೆದಂತಾಯಿತು. ಈ ‘ಬೈನಾರಲ್’ ಮುದ್ರಣದ ಸುಖ ಹೆಡ್‌ಫೋನಿನವರಿಗೆ ಮೀಸಲು, ಸ್ಪೀಕರಿನವರಿಗಿಲ್ಲ.

● ‘ಇನ್ನೂರು ಗಂಟೆ ಹಾಡಿಸಿ, ಆಮೇಲೆ ಅರಳುತ್ತೆ’ ಎಂಬ ಮಾತು ನಂಬಿ ಇಷ್ಟವಾಗದ್ದನ್ನು ಕೊಳ್ಳಬೇಡಿ. ಆ ಅವಧಿಯಲ್ಲಿ ಹೆಚ್ಚಾಗಿ ಪಳಗುವುದು ಹೆಡ್‌ಫೋನಲ್ಲ, ಕುಶನ್ನು ಮತ್ತು ನಿಮ್ಮ ಕಿವಿ. ಹಿಂದಿರುಗಿಸುವ ಗಡುವು ಮೀರಿರುತ್ತದೆ ಅಷ್ಟೇ.

● ಬೇಸ್ ಒಂಚೂರು ಕಡಿಮೆಯೋ ಹೆಚ್ಚೋ ಅನ್ನಿಸಿದರೆ ಹೊಸ ಹೆಡ್‌ಫೋನ್ ಬೇಡ, ಫೋನಿನ ಈಕ್ವಲೈಸರ್ ಸಾಕು. ಅದಕ್ಕೆ ಕಾಸೂ ಬೇಡ. ಒಂದೇ ಸೂತ್ರ: ಕಡಿಮೆಯಾದದ್ದನ್ನು ಏರಿಸುವುದಕ್ಕಿಂತ ಹೆಚ್ಚಾದದ್ದನ್ನು ಇಳಿಸಿ.

ಪಿನ್ನು, ವೈರು, ಎಡ, ಬಲ

● ದಪ್ಪ ಪಿನ್ನಿನ, ಅಂದರೆ 6.35 ಮಿಲಿಮೀಟರ್ ಜಾಕಿನ ವಂಶ 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನದು. ಆಪರೇಟರ್‌ಗಳು ಕರೆ ಜೋಡಿಸಲು ತೂರಿಸುತ್ತಿದ್ದ ಪಿನ್ನೇ ಇಂದು ಗಿಟಾರಿಗೂ ಆಂಪಿಗೂ ಹೋಗುತ್ತದೆ.

● ಸಣ್ಣ ಪಿನ್ನಿನ ಮೇಲೆ ಎಷ್ಟು ಕಪ್ಪು ಬಳೆ ಇವೆ ಎಣಿಸಿ. ಎರಡಿದ್ದರೆ ಬರೀ ಸ್ಟೀರಿಯೊ, ಮೂರಿದ್ದರೆ ಮೈಕ್ ಕೂಡ ಇದೆ.

● ಕೆಂಪು ಗುರುತು ಬಲಗಿವಿಗೆ. ಕತ್ತಲೆಯಲ್ಲಿ? ಹಲವು ಹೆಡ್‌ಫೋನ್‌ಗಳ ಎಡಗಡೆ ಬೆರಳಿಗೆ ತಗಲುವ ಒಂದು ಪುಟ್ಟ ಗುಬುಟು ಇರುತ್ತದೆ, ತಡವಿ ನೋಡಿ.

● ಹೆಡ್‌ಫೋನನ್ನು ಮೈಕಿನ ತೂತಿಗೆ ಸಿಕ್ಕಿಸಿ ಮಾತಾಡಿದರೆ ಮೆತ್ತಗಾದರೂ ದನಿ ಮುದ್ರಣವಾಗುತ್ತದೆ. ಪೊರೆ, ಸುರುಳಿ, ಆಯಸ್ಕಾಂತ ಎರಡಕ್ಕೂ ಒಂದೇ. ದಾರಿ ಮಾತ್ರ ಉಲ್ಟಾ.

● ವೈರು ಬಿಚ್ಚಿ ತೆಗೆಯುವಂತಿದೆಯೇ ನೋಡಿಕೊಳ್ಳಿ. ಕುರ್ಚಿಯ ಚಕ್ರಕ್ಕೆ ಸಿಕ್ಕಿ ತುಂಡಾದಾಗ ಬದಲಾಗುವುದು ವೈರು ಮಾತ್ರ. ಇಲ್ಲವಾದರೆ ಇಡೀ ಹೆಡ್‌ಫೋನ್ ರಿಪೇರಿಗೆ.

ಕಿವಿಯೂ ಬಾಳಲಿ, ಹೆಡ್‌ಫೋನೂ ಬಾಳಲಿ

● ಕಿವಿಗೂ ವಾರದ ಪಡಿತರವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. 90ಕ್ಕೆ ಏರಿಸಿದರೆ 4 ಗಂಟೆಗೆ ಪಡಿತರ ಖಾಲಿ. ಮಕ್ಕಳಿಗೆ ಮಿತಿ 75 ಡೆಸಿಬಲ್.

● ಬರೀ 3 ಡೆಸಿಬಲ್ ಏರಿಸಿದರೆ ಕಿವಿಗೆ ಬೀಳುವ ಶಕ್ತಿ ದುಪ್ಪಟ್ಟು, ಸುರಕ್ಷಿತ ಸಮಯ ಅರ್ಧ. ಕಿವಿಗೆ ಮಾತ್ರ ‘ಒಂಚೂರು ಜೋರಾಯ್ತು’ ಎನ್ನಿಸುತ್ತದೆ.

● ಮನೆಯಲ್ಲಿ ಕೇಳುವವರ ದೊಡ್ಡ ಆಸ್ತಿ ಮನೆಯ ಮೌನ. ಬಸ್ಸಿನಲ್ಲಿ ಎಂಜಿನ್ನನ್ನು ಸೋಲಿಸಲು ವಾಲ್ಯೂಮ್ ಏರಿಸುತ್ತೇವೆ. ರಾತ್ರಿ ಹತ್ತರ ಮೇಲೆ ಮನೆಯಲ್ಲಿ ಅದರ ಅರ್ಧವೂ ಬೇಡ. ಮೆತ್ತಗೆ ಹಾಡಿದಾಗಲೂ ತಂಬೂರಿಯ ಅರಳು ಕೇಳಿಸುತ್ತದೆಯೇ ಎಂಬುದು ಒಳ್ಳೆಯ ಹೆಡ್‌ಫೋನಿನ ಕೊನೆಯ ಪರೀಕ್ಷೆ.

● ಹೆಡ್‌ಫೋನಿನಲ್ಲಿ ಮೊದಲು ಸಾಯುವುದು ಕುಶನ್. ಮಂಗಳೂರಿನ ಒಂದು ಮಳೆಗಾಲ ಕಪಾಟಿನಲ್ಲಿದ್ದ ನನ್ನ ಹಳೆಯ ಜೋಡಿಯನ್ನು ಸೆಪ್ಟೆಂಬರಿನಲ್ಲಿ ತೆಗೆದು ಹಾಕಿಕೊಂಡೆ. ಅರ್ಧ ಗಂಟೆಯ ಮೇಲೆ ಕನ್ನಡಿ ನೋಡಿದರೆ ಕಿವಿಯ ಸುತ್ತ, ಕತ್ತಿನ ಮೇಲೆ, ಬಿಳಿ ಬನಿಯನ್ನಿನ ಹೆಗಲಿನ ಮೇಲೆಲ್ಲ ಕರಿ ಚೂರು. ಎಳ್ಳು ಉದುರಿದ ಹಾಗೆ. ರೆಗ್ಸಿನ್ ಸಿಪ್ಪೆ ಸುಲಿದಿತ್ತು. ದನಿಯೂ ಟೊಳ್ಳಾಗಿತ್ತು, ಅಂಚು ಹರಿದ ಮೇಲೆ ಬೇಸ್ ಎಲ್ಲಿ ನಿಂತೀತು? ಒಳಗಿನ ಡ್ರೈವರ್ ಮಾತ್ರ ಗಟ್ಟಿಮುಟ್ಟಾಗಿತ್ತು. ಆ ಮಾದರಿಗೆ ಬಿಡಿ ಕುಶನ್ ಬರುವುದೇ ಇಲ್ಲವೆಂದು ಅಂಗಡಿಯಲ್ಲಿ ಕೈ ಆಡಿಸಿಬಿಟ್ಟರು. ಹಾಡಬಲ್ಲ ಹೆಡ್‌ಫೋನ್ ಗುಜರಿಗೆ ಹೋಯಿತು.

● ಅದೇ ಇನ್ನೊಂದೆಡೆ, 1984ರಲ್ಲಿ ಬಂದ ಕಾಸ್ ‘ಪೋರ್ಟಾ ಪ್ರೊ’ ಇಂದಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾರಾಟದಲ್ಲಿದೆ. ಎಚ್‌ಡಿ 600ಗೂ ಡಿಟಿ 770ಗೂ ಕುಶನ್ ಬಿಡಿಯಾಗಿ ಸಿಗುತ್ತದೆ. ಹಾಗಾಗಿ ಓಮ್, ಡೆಸಿಬಲ್, ಬೆಲೆ ಎಲ್ಲ ಮಾತಾಡಿ ಮುಗಿದ ಮೇಲೆ, ಪರ್ಸ್ ತೆಗೆಯುವ ಮುಂಚೆ ಒಂದೇ ಪ್ರಶ್ನೆ ಕೇಳಿ: ‘ಇದರ ಕುಶನ್ ಬಿಡಿಯಾಗಿ ಸಿಗುತ್ತಾ?’ ‘ಸಿಗುತ್ತೆ’ ಅಂದರೆ ಬಿಲ್ ಮಾಡಿಸಿ.